ಹಿತ್ತಲ ಮೇಪಲ್ ಮರದಿಂದ ಸಿರಪ್: ಹಗಲಿನ ಬಿಸಿಲಲ್ಲ, ರಾತ್ರಿಯ ಚಳಿ ನೋಡಿ

ಫೆಬ್ರವರಿ ಬಂತೆಂದರೆ ಒಂಟಾರಿಯೊ, ಮಿಷಿಗನ್, ಮ್ಯಾಸಚೂಸೆಟ್ಸ್ ಕಡೆಯ ಓದುಗರದ್ದು ಒಂದೇ ಪ್ರಶ್ನೆ: “ಹೊಸ ಮನೆಯ ಹಿತ್ತಲಲ್ಲಿ ಮೇಪಲ್ ಮರ ಇದೆ, ಸಿರಪ್ ಮಾಡಬಹುದಾ?” ಮಾಡಬಹುದು. ಊರಿನ ಆಲೆಮನೆ ನೋಡಿದವರಿಗೆ ಅರ್ಧ ಕೆಲಸ ಗೊತ್ತೇ ಇರುತ್ತದೆ. ರಸ ಹಿಡಿಯುವುದು, ಕುದಿಸುವುದು, ನೊರೆ ತೆಗೆಯುವುದು, ಹದ ನೋಡಿ ಇಳಿಸುವುದು, ಇಷ್ಟೇ. ಆದರೆ ಕಬ್ಬಿನ ಹಾಲಿನಲ್ಲಿ ಶೇ. 16ರಿಂದ 20ರಷ್ಟು ಸಕ್ಕರೆ ಇದ್ದರೆ ಮೇಪಲ್ ರಸದಲ್ಲಿರುವುದು ಸುಮಾರು ಶೇ. 2 ಮಾತ್ರ. ಬಾಯಿಗೆ ಹಾಕಿದರೆ ನೀರೇ ಅನ್ನಿಸುತ್ತದೆ. ಜೊತೆಗೆ, ಗಾಣಕ್ಕೆ ಕೊಟ್ಟಾಗಲೆಲ್ಲ ಕಬ್ಬು ರಸ ಬಿಡುತ್ತದೆ, ಮೇಪಲ್ ಹಾಗಲ್ಲ. ಹವೆ ಕೂಡಿಬಂದ ದಿನ ಮಾತ್ರ ಸುರಿಸುತ್ತದೆ.

ಆ ಹವೆ ಎಂಥದ್ದು? ರಾತ್ರಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ (32 ಫ್ಯಾರನ್‌ಹೀಟ್) ಕೆಳಗೆ, ಹಗಲು ಅದಕ್ಕಿಂತ ಮೇಲೆ. ರಾತ್ರಿ ಮೈನಸ್ 5, ಹಗಲು 5ರಿಂದ 7 ಇದ್ದರೆ ಬಹಳ ಒಳ್ಳೆಯದು. ಮೇಪಲ್ ಮರದ ನಾರಿನ ಕೋಶಗಳ ಒಳಗೆ ಗಾಳಿ ತುಂಬಿರುತ್ತದೆ. ರಾತ್ರಿ ಹೆಪ್ಪುಗಟ್ಟುವಾಗ ಈ ಗಾಳಿ ಕುಗ್ಗಿ, ಬೇರಿನಿಂದ ನೀರು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ಹಿಮ ಕರಗಿದಾಗ ಗಾಳಿ ಹಿಗ್ಗಿ ರಸವನ್ನು ಹೊರಕ್ಕೆ ದಬ್ಬುತ್ತದೆ. ತೂತು ಸಿಕ್ಕಿದರೆ ಅಲ್ಲಿಂದ ತೊಟ್ಟಿಕ್ಕುತ್ತದೆ. ಅಂದರೆ ರಾತ್ರಿಯ ಚಳಿ ಮರಕ್ಕೆ ಚಾರ್ಜ್ ಮಾಡಿದ ಹಾಗೆ. ಹಗಲಿಗೆ ಬಿಸಿಲೆಷ್ಟು ಎಂದು ಮಾತ್ರ ನೋಡುವವರು ಇಲ್ಲೇ ಎಡವುತ್ತಾರೆ. ಮೂರು ದಿನ 12 ಡಿಗ್ರಿ ಇದ್ದು ರಾತ್ರಿಯೂ ಸೊನ್ನೆಗೆ ಇಳಿಯದಿದ್ದರೆ, ನಿಮಗೆ ಹಿತವಾದ ಹವೆ ಹೌದು, ಬಕೆಟ್ ಮಾತ್ರ ಖಾಲಿ.

ತೆಂಗು, ಈಚಲಿನ ನೀರಾ ಇಳಿಸುವುದನ್ನು ಕಂಡವರಿಗೆ ಒಂದು ಮಾತು. ಅಲ್ಲಿ ದಿನವೂ ಹೊಸದಾಗಿ ಕೆತ್ತಿದರೆ ರಸ ಬರುತ್ತದೆ. ಮೇಪಲ್ ಮರದಲ್ಲಿ ತೂತನ್ನು ಕೆದಕಿದರೆ, ಹಿಗ್ಗಿಸಿದರೆ ಮರಕ್ಕೆ ಗಾಯ ಹೆಚ್ಚುತ್ತದೆಯೇ ಹೊರತು ರಸ ಹೆಚ್ಚುವುದಿಲ್ಲ.

ಬೇಕಾದ ಸಾಮಾನು

ಸ್ಪೈಲ್ ಎಂದರೆ ಮರಕ್ಕೆ ಹೊಡೆಯುವ ಚಿಕ್ಕ ನಳಿಗೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 5/16 ಇಂಚಿನದು (8 ಮಿಲಿಮೀಟರ್), ಹಳೆಯದು 7/16 ಇಂಚು. ಚಿಕ್ಕದನ್ನೇ ತನ್ನಿ, ಮರದ ಗಾಯ ಬೇಗ ಮಾಯುತ್ತದೆ. ಅದೇ ಅಳತೆಯ ಹರಿತವಾದ ಹೊಸ ಡ್ರಿಲ್ ಬಿಟ್ ಬೇಕು. ಮೊಂಡು ಬಿಟ್ ತೂತಿನ ಒಳಗೋಡೆಯನ್ನು ತರಚುತ್ತದೆ, ಆಮೇಲೆ ಸ್ಪೈಲ್ ಸುತ್ತಲಿಂದಲೇ ಸೋರುತ್ತದೆ. ರಸ ಹಿಡಿಯಲು ಮುಚ್ಚಳವಿರುವ, ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಬಕೆಟ್. ಹಳೆ ಸಾಮಾನಿನ ಮಾರಾಟದಲ್ಲಿ ಸಿಗುವ ಚಂದದ ತಗಡಿನ ಬಕೆಟ್ ಬೇಡ, ಹಳೆಯದರ ಬೆಸುಗೆಯಲ್ಲಿ ಸೀಸ ಇರಬಹುದು. ಅಗಲ ಬಾಯಿಯ ಸ್ಟೀಲ್ ತಟ್ಟೆಗಳು (ಹೋಟೆಲಿನವರು ಬಫೆಗೆ ಇಡುವ ಚೌಕದ ಆಳ ತಟ್ಟೆ ಸರಿಯಾಗುತ್ತದೆ), ಒಂದು ಎತ್ತರದ ಸ್ಟೀಲ್ ಪಾತ್ರೆ, ಅರ್ಧ ಡಿಗ್ರಿಯನ್ನೂ ತೋರಿಸುವ ಥರ್ಮಾಮೀಟರ್, ಶೋಧಿಸಲು ಉಣ್ಣೆಯ ಅಥವಾ ಸಿಂಥೆಟಿಕ್ ಫೆಲ್ಟಿನ ಶಂಕುವಿನಾಕಾರದ ಫಿಲ್ಟರ್, ಗಾಜಿನ ಜಾಡಿಗಳು.

ಉರುವಲನ್ನು ಮೊದಲೇ ಕೂಡಿಸಿಡಿ. ಮರ ಸುರಿಸತೊಡಗಿದ ಮೇಲೆ ಒಣ ಸೌದೆ ಹುಡುಕಲು ಪುರಸೊತ್ತು ಸಿಗುವುದಿಲ್ಲ.

1. ಮರ ಗುರುತಿಸಿ, ಅದು ನಿಮ್ಮದೇ ಎಂದು ಖಾತ್ರಿ ಮಾಡಿಕೊಳ್ಳಿ

ಈ ಕೆಲಸ ಎಲೆ ಇರುವಾಗಲೇ, ಅಕ್ಟೋಬರಿನಲ್ಲಿ ಆಗಬೇಕು. ಗುರುತಿಗೆ ಒಂದು ರಿಬ್ಬನ್ ಕಟ್ಟಿಡಿ. ಶುಗರ್ ಮೇಪಲ್ ಎಲೆಗೆ ಸಾಮಾನ್ಯವಾಗಿ ಐದು ಹಾಳೆ, ಅಂಚು ನುಣುಪು, ಹಾಳೆಗಳ ನಡುವಿನ ಕೊರಕಲು ದುಂಡಗೆ. ರೆಡ್ ಮೇಪಲ್ ಎಲೆಯ ಅಂಚು ಗರಗಸದಂತೆ. ಎಲೆ ಉದುರಿದ ಮೇಲೆ ನೋಡುವುದಾದರೆ ಕೊಂಬೆಗಳು ಎದುರುಬದುರು ಜೋಡಿಯಾಗಿ ಹೊರಟಿವೆಯೇ ಎಂದು ನೋಡಿ. ಶುಗರ್ ಮೇಪಲ್‌ನ ಮೊಗ್ಗು ಕಂದು ಬಣ್ಣದ್ದು, ಸೂಜಿಯಂತೆ ಚೂಪು. ರೆಡ್ ಮೇಪಲ್‌ನದು ಕೆಂಪು, ಗುಂಡಗೆ. ಆಶ್ ಮರದ ಕೊಂಬೆಯೂ ಎದುರುಬದುರೇ ಇರುತ್ತದೆ, ಅದನ್ನು ಕೊರೆದು ಎರಡು ವಾರ ಕಾದರೂ ಸಿಹಿ ಬರುವುದಿಲ್ಲ.

ರೆಡ್, ಸಿಲ್ವರ್, ನಾರ್ವೇ ಮೇಪಲ್, ಮ್ಯಾನಿಟೋಬ ಮೇಪಲ್ ಎನ್ನುವ ಬಾಕ್ಸ್ ಎಲ್ಡರ್, ಎಲ್ಲದರಿಂದಲೂ ಸಿರಪ್ ಬರುತ್ತದೆ. ಸಕ್ಕರೆ ಕಡಿಮೆ, ಸೌದೆ ಜಾಸ್ತಿ, ಅಷ್ಟೇ.

ನೆಲದಿಂದ ಎದೆಯೆತ್ತರದಲ್ಲಿ ಕಾಂಡದ ಅಡ್ಡಳತೆ ಕನಿಷ್ಠ 25ರಿಂದ 30 ಸೆಂಟಿಮೀಟರ್ ಇರಬೇಕು. ಅಂಥ ಮರಕ್ಕೆ ಒಂದೇ ತೂತು. 45 ಸೆಂಟಿಮೀಟರ್ ದಾಟಿದ, ಗಟ್ಟಿಮುಟ್ಟಾದ ಮರಕ್ಕೆ ಎರಡು. ಎಷ್ಟು ದೊಡ್ಡ ಮರವಾದರೂ ಅದಕ್ಕಿಂತ ಹೆಚ್ಚು ಬೇಡ. ಒಂದು ತೂತಿನಿಂದ ಇಡೀ ಹಂಗಾಮಿಗೆ ಸುಮಾರು 40 ಲೀಟರ್ ರಸ, ಅಂದರೆ ಒಂದು ಲೀಟರ್ ಸಿರಪ್ ಎಂದು ಲೆಕ್ಕ ಇಟ್ಟುಕೊಳ್ಳಿ. ಒಳ್ಳೆ ವರ್ಷ ಹೆಚ್ಚು ಬಂದರೆ ಲಾಭ.

ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಿ. ಫುಟ್‌ಪಾತಿಗೂ ರಸ್ತೆಗೂ ನಡುವಿನ ಮರ ಮನೆಮುಂದೆಯೇ ಇದ್ದರೂ ಬಹಳ ಊರುಗಳಲ್ಲಿ ಅದು ನಗರಾಡಳಿತದ್ದು. ಕೀಟಬಾಧೆಗೆಂದು ಮದ್ದು ಚುಚ್ಚಿಸಿಕೊಂಡ ಮರವನ್ನಂತೂ ಮುಟ್ಟಬೇಡಿ. ಹಿಂದಿನ ಮಾಲೀಕರು ಹಾಗೇನಾದರೂ ಮಾಡಿಸಿದ್ದರೇ ಎಂದು ವಿಚಾರಿಸಿ.

2. ಮುನ್ಸೂಚನೆ ಓದಿ, ದಿನ ಗೊತ್ತುಮಾಡಿ

ತಾರೀಖು ನೋಡಿ ಕೊರೆಯುವಂತಿಲ್ಲ. ದಕ್ಷಿಣ ಒಂಟಾರಿಯೊ, ಮಿಷಿಗನ್‌ಗಳಲ್ಲಿ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ, ವರ್ಮಾಂಟ್, ಕ್ವಿಬೆಕ್ ಕಡೆ ಇನ್ನಷ್ಟು ತಡವಾಗಿ ಎಂದು ಅಂದಾಜು ಹೇಳಬಹುದು. ಆದರೆ 2012ರ ಮಾರ್ಚ್‌ನಲ್ಲಿ ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಬೇಸಿಗೆಯಂಥ ಸೆಕೆ ಬಂದು, ಬಹಳ ಕಡೆ ಹಂಗಾಮು ನಡುವಿನಲ್ಲೇ ಮುಗಿದುಹೋಯಿತು. ಅಂಥ ವರ್ಷ ಕ್ಯಾಲೆಂಡರ್ ನಂಬಿದವರಿಗೆ ಏನೂ ಸಿಗುವುದಿಲ್ಲ.

ಬೇಗ ಕೊರೆದುಬಿಟ್ಟರೆ ಆಯಿತಲ್ಲ ಎಂದರೆ ಅದೂ ಆಗದು. ಕೊರೆದ ಗಳಿಗೆಯಿಂದಲೇ ತೂತಿನೊಳಗೆ ಬ್ಯಾಕ್ಟೀರಿಯಾ ಬೆಳೆಯತೊಡಗುತ್ತದೆ, ಮರವೂ ತನ್ನ ಗಾಯ ಮುಚ್ಚಿಕೊಳ್ಳತೊಡಗುತ್ತದೆ. ಒಂದು ತೂತಿನ ಆಯುಸ್ಸು ನಾಲ್ಕರಿಂದ ಆರು ವಾರ. ಜನವರಿಯ ಎರಡು ದಿನದ ಬಿಸಿಲಿಗೆ ಮರುಳಾಗಿ ಕೊರೆದರೆ ಮಾರ್ಚ್‌ನ ಒಳ್ಳೆಯ ಸುರಿತದ ಹೊತ್ತಿಗೆ ಅದು ಬತ್ತಿರುತ್ತದೆ.

ಆದ್ದರಿಂದ ಹತ್ತು ದಿನದ ಮುನ್ಸೂಚನೆ ತೆಗೆದು ಎರಡು ಸಾಲು ಬರೆದುಕೊಳ್ಳಿ, ಮೇಲೆ ಹಗಲಿನ ಗರಿಷ್ಠ, ಕೆಳಗೆ ರಾತ್ರಿಯ ಕನಿಷ್ಠ. ಉದಾಹರಣೆಗೆ ಒಂದು ವಾರ ಹೀಗಿದೆ ಎನ್ನೋಣ. ಸೋಮವಾರ ಹಗಲು ಮೈನಸ್ 2, ರಾತ್ರಿ ಮೈನಸ್ 9. ಮಂಗಳವಾರ 3, ಮೈನಸ್ 6. ಬುಧವಾರ 6, ಮೈನಸ್ 4. ಗುರುವಾರ 7, ಮೈನಸ್ 3. ಶುಕ್ರವಾರ 11, 4. ಶನಿವಾರ 13, 6. ಇದರಲ್ಲಿ ಕೊರೆಯಬೇಕಾದದ್ದು ಮಂಗಳವಾರ ಮಧ್ಯಾಹ್ನ. ಸೋಮವಾರ ಬೇಡ, ಮರ ಗಟ್ಟಿ ಹೆಪ್ಪುಗಟ್ಟಿರುವಾಗ ಸ್ಪೈಲ್ ಬಡಿದರೆ ಸೀಳುಬಿಡುತ್ತದೆ. ಬುಧವಾರ, ಗುರುವಾರ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಸುರಿಯತೊಡಗಿ ಸಂಜೆಯವರೆಗೆ ನಡೆಯುತ್ತದೆ, ಒಂದೊಂದು ತೂತಿಗೆ ದಿನಕ್ಕೆ ನಾಲ್ಕೈದು ಲೀಟರ್ ಬಂದರೂ ಆಶ್ಚರ್ಯವಿಲ್ಲ. ಶುಕ್ರವಾರ ಹಿಂದಿನ ರಾತ್ರಿಯ ಚಾರ್ಜಿನ ಮೇಲೆ ಓಡುತ್ತದೆ. ಶನಿವಾರ ಮರ ಸುಮ್ಮನಾಗುತ್ತದೆ. ಮನೆಯವರಿಗೆಲ್ಲ ರಜೆ ಇರುವ ದಿನವೇ ಹೀಗಾಗುತ್ತದೆ, ಏನು ಮಾಡುವುದು.

ನಡುವೆ ಮೈನಸ್ 15ರ ಚಳಿ ಬಂದು ವಾರವೆಲ್ಲ ಹನಿ ಬೀಳದಿದ್ದರೆ ಗಾಬರಿ ಬೇಡ. ಚಳಿ ಹಂಗಾಮನ್ನು ಮುಂದೂಡುತ್ತದೆ, ಸೆಕೆ ಮುಗಿಸಿಬಿಡುತ್ತದೆ.

3. ಕೊರೆಯುವುದು

ಸೊಂಟದಿಂದ ಎದೆಯವರೆಗಿನ ಎತ್ತರದಲ್ಲಿ, ತೊಗಟೆ ಆರೋಗ್ಯವಾಗಿರುವ ಜಾಗ ಆರಿಸಿ. ದೊಡ್ಡ ಬೇರಿನ ನೇರಕ್ಕೋ ದೊಡ್ಡ ಕೊಂಬೆಯ ಕೆಳಗೋ ಇದ್ದರೆ ಒಳ್ಳೆಯದು. ಹಿಂದಿನ ವರ್ಷದ ತೂತಿನಿಂದ ಪಕ್ಕಕ್ಕೆ ಕನಿಷ್ಠ 15 ಸೆಂಟಿಮೀಟರ್, ಮೇಲೆ ಅಥವಾ ಕೆಳಗೆ 30 ಸೆಂಟಿಮೀಟರ್ ಬಿಡಿ. ಹಳೆ ತೂತಿನ ಮೇಲೂ ಕೆಳಗೂ ಒಳಗಿನ ಮರ ಉದ್ದಕ್ಕೆ ಸತ್ತು ಕಂದಾಗಿರುತ್ತದೆ, ಅದಕ್ಕೆ ತಗುಲಿದರೆ ರಸ ಸಿಗದು.

ಬಿಟ್ ಮೇಲೆ ತುದಿಯಿಂದ 4ರಿಂದ 5 ಸೆಂಟಿಮೀಟರಿಗೆ ಟೇಪ್ ಸುತ್ತಿ. ಅದೇ ಆಳದ ಗಡಿ. ಸ್ವಲ್ಪವೇ ಮೇಲ್ಮುಖವಾಗಿ ಕೊರೆಯಿರಿ, ರಸ ತಾನಾಗಿ ಹೊರಕ್ಕೆ ಇಳಿಯಲಿ. ಹೊರಬರುವ ಪುಡಿ ಕೆನೆಬಣ್ಣದ್ದಾಗಿದ್ದರೆ ಸರಿ. ಕಡು ಕಂದು ಪುಡಿ ಬಂದರೆ ಅಲ್ಲಿ ಸತ್ತ ಮರವಿದೆ, ಜಾಗ ಬದಲಿಸಿ. ತೂತಿಗೆ ಬಾಯಿಂದ ಊದಬೇಡಿ, ಎಂಜಲಿನ ಬ್ಯಾಕ್ಟೀರಿಯಾ ಒಳಹೋಗುತ್ತದೆ.

ಸ್ಪೈಲನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಮೊದಲು ಟೊಳ್ಳು ಸದ್ದು ಬರುತ್ತದೆ, ಗಟ್ಟಿಯಾಗಿ ಕೂತಾಗ ಸದ್ದು ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೆರಡು ಏಟು ಹಾಕಿದರೆ ಮರ ಸೀಳಿ ಅಲ್ಲಿಂದ ಹಂಗಾಮಿಡೀ ಸೋರುತ್ತದೆ.

4. ರಸವನ್ನು ಹಾಲಿನಂತೆ ನೋಡಿಕೊಳ್ಳಿ

ಹೆಚ್ಚು ಜನ ರಸ ಕೆಡಿಸಿಕೊಳ್ಳುವುದು ಈ ಹಂತದಲ್ಲಿ. ನೀರಿನ ಹಾಗೆ ಕಾಣುತ್ತದೆ ಎಂದು ಹೊರಗೆ ಬಿಟ್ಟರೆ ಎರಡು ದಿನದ ಬಿಸಿಗೆ ಕದಡಿ, ಹುಳಿವಾಸನೆ ಬರುತ್ತದೆ. ದಿನಾ ಸಂಜೆ ಸುರಿದುಕೊಂಡು, ಸೋಸಿ, 4 ಡಿಗ್ರಿಗಿಂತ ಕೆಳಗೆ ಇಡಿ. ಮನೆಯ ಉತ್ತರದ ನೆರಳಿನಲ್ಲಿ ಹಿಮದ ರಾಶಿ ಉಳಿದಿದ್ದರೆ ಡ್ರಮ್ಮನ್ನು ಅದರಲ್ಲಿ ಕುತ್ತಿಗೆಯವರೆಗೆ ಹೂತುಬಿಡಿ, ಅದಕ್ಕಿಂತ ಒಳ್ಳೆಯ ಫ್ರಿಜ್ ಇಲ್ಲ. ತಣ್ಣಗಿದ್ದರೂ ಒಂದು ವಾರದೊಳಗೆ ಕುದಿಸಿ ಮುಗಿಸಬೇಕು. ಸೆಕೆ ಬರುವ ಸೂಚನೆ ಇದ್ದರೆ ಅದಕ್ಕೂ ಮುಂಚೆ.

ಬೆಳಿಗ್ಗೆ ಬಕೆಟ್ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಎತ್ತಿ ಬಿಸಾಡಿ. ಹೆಪ್ಪುಗಟ್ಟುವುದು ಹೆಚ್ಚಾಗಿ ನೀರು, ಸಕ್ಕರೆ ಕೆಳಗಿನ ದ್ರವದಲ್ಲಿ ಉಳಿಯುತ್ತದೆ. ಬಿಟ್ಟಿಯಾಗಿ ಅಷ್ಟು ಸೌದೆ ಉಳಿಯಿತು. ಪೂರ್ತಿ ಗಟ್ಟಿಯಾಗಿದ್ದರೆ ಮಾತ್ರ ಬಿಸಾಡಬೇಡಿ, ಕರಗಿಸಿ.

ಮಳೆಯ ದಿನ ಕಾಂಡದ ಮೇಲಿಂದ ಇಳಿದ ಕಂದು ನೀರು ಬಕೆಟ್‌ಗೆ ಸೇರುತ್ತದೆ. ಮುಚ್ಚಳವಿದ್ದೂ ಬಣ್ಣ ಚಹದಂತಿದ್ದರೆ ಚೆಲ್ಲಿಬಿಡಿ.

5. ಕುದಿಸುವುದು, ಅದೂ ಹೊರಗಡೆ

86 ಎಂಬ ಸಂಖ್ಯೆಯನ್ನು ರಸದ ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿ. ಒಂದು ಲೀಟರ್ ಸಿರಪ್‌ಗೆ ಎಷ್ಟು ಲೀಟರ್ ರಸ ಬೇಕೆಂದು ಸಿಗುತ್ತದೆ. ಶೇ. 2 ಇದ್ದರೆ 43 ಲೀಟರ್, ಶೇ. 1.5 ಇದ್ದರೆ 57. ಅಂದರೆ ಒಂದು ಲೀಟರ್ ಸಿರಪ್‌ಗಾಗಿ ನಲವತ್ತು ಲೀಟರಿಗೂ ಹೆಚ್ಚು ನೀರನ್ನು ಆವಿ ಮಾಡುತ್ತಿದ್ದೀರಿ. ಇದನ್ನು ಅಡುಗೆಮನೆಯಲ್ಲಿ ಮಾಡಿದರೆ ಗೋಡೆಯ ಕಾಗದ ಕಿತ್ತುಬರುತ್ತದೆ, ಕಪಾಟುಗಳೆಲ್ಲ ಅಂಟಂಟು. ಕರೆಂಟಿನ ಲೆಕ್ಕವೂ ಚಿಕ್ಕದಲ್ಲ. ಶಾಖ ಒಂದಿಷ್ಟೂ ಪೋಲಾಗದು ಎಂದುಕೊಂಡರೂ ಲೀಟರಿಗೆ 30 ಯೂನಿಟ್ ಬೇಕು. ಗ್ಯಾಸ್ ಸಿಲಿಂಡರಿನಲ್ಲೇ ಪೂರ್ತಿ ಕುದಿಸಿದರೆ ಅಂಗಡಿ ಸಿರಪ್ಪೇ ಅಗ್ಗ ಎನ್ನಿಸಬಹುದು. ಸೌದೆ ಸಿಗುವವರಿಗೆ ಸೌದೆಯೇ ಸರಿ.

ಕಾಂಕ್ರೀಟ್ ಇಟ್ಟಿಗೆಗಳನ್ನು ಎರಡು ಸಾಲು ಪೇರಿಸಿ, ನಡುವೆ ಬೆಂಕಿ, ಮೇಲೆ ಎರಡು ಮೂರು ಅಗಲದ ತಟ್ಟೆ, ಹಿಂದೆ ಹೊಗೆ ಹೋಗಲು ಒಂದು ಕೊಳವೆ. ಆಲೆಮನೆಯ ಕೊಪ್ಪರಿಗೆ ಒಲೆಯ ಮರಿ. ಆಳಕ್ಕಿಂತ ಅಗಲ ಮುಖ್ಯ, ಆವಿ ಏಳುವುದು ಮೇಲ್ಮೈಯಿಂದ. ಬೆಂಕಿಗೆ ನಿಮ್ಮೂರಿನ ನಿಯಮ ಏನೆಂದು ಮೊದಲೇ ನೋಡಿಕೊಳ್ಳಿ.

ತಟ್ಟೆಯಲ್ಲಿ ರಸ 4 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದು. ಇಳಿದರೆ ತಳಹಿಡಿದು ಇಡೀ ತಟ್ಟೆಗೆ ಸುಟ್ಟ ವಾಸನೆ, ಅದಕ್ಕೆ ಮದ್ದಿಲ್ಲ. ತಣ್ಣನೆ ರಸ ಒಮ್ಮೆಲೇ ಸುರಿದರೆ ಕುದಿ ನಿಂತುಹೋಗುತ್ತದೆ. ಒಂದು ತಟ್ಟೆಯನ್ನು ಬರೀ ಬಿಸಿ ಮಾಡಲೆಂದೇ ಇಟ್ಟು ಅದರಿಂದ ಸೌಟಿನಲ್ಲಿ ಮುಂದಿನದಕ್ಕೆ ಹಾಕುತ್ತಿರಿ. ಮೇಲೆ ಬರುವ ನೊರೆಯನ್ನು ಜಾಲರಿ ಸೌಟಿನಿಂದ ತೆಗೆಯಿರಿ. ಉಕ್ಕಿಬಂದರೆ ಸಾಸಿವೆ ಕಾಳಿನಷ್ಟು ಬೆಣ್ಣೆ ಹಾಕಿದರೆ ಕೂಡಲೇ ಕೂರುತ್ತದೆ. ಹೆಚ್ಚು ಹಾಕಿದರೆ ಸಿರಪ್ಪಿಗೆ ಜಿಡ್ಡು.

ರಸ ತೆಳು ಚಹದ ಬಣ್ಣಕ್ಕೆ ತಿರುಗಿ, ಕುದಿಯುವ ಉಷ್ಣತೆ ನೀರಿನದಕ್ಕಿಂತ ಒಂದೂವರೆ ಡಿಗ್ರಿಯಷ್ಟು ಮೇಲೇರಿದಾಗ ಬೆಂಕಿಯಿಂದ ಇಳಿಸಿ, ಸೋಸಿ, ಎತ್ತರದ ಪಾತ್ರೆಗೆ ಹಾಕಿಕೊಳ್ಳಿ. ಕೊನೆಯ ಹದ ಒಳಗೆ ಸ್ಟೌ ಮೇಲೆ ನೋಡುವುದು ಸುಲಭ.

6. ಹದ

ಮೇಪಲ್ ಸಿರಪ್ ಎಂದು ಕರೆಯಲು ಅದರಲ್ಲಿ ಸಕ್ಕರೆ ತೂಕದ ಲೆಕ್ಕದಲ್ಲಿ ಕನಿಷ್ಠ ಶೇ. 66 ಇರಬೇಕು. ಇದನ್ನು 66 ಬ್ರಿಕ್ಸ್ ಎನ್ನುತ್ತಾರೆ. ವರ್ಮಾಂಟ್ ರಾಜ್ಯದವರು 66.9 ಕೇಳುತ್ತಾರೆ. ಕಡಿಮೆಯಾದರೆ ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ. 68 ದಾಟಿದರೆ ಜಾಡಿಯ ತಳದಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ.

ಈ ಹದ ಬರುವುದು ನೀರು ಕುದಿಯುವ ಉಷ್ಣತೆಗಿಂತ 4 ಡಿಗ್ರಿ ಸೆಲ್ಸಿಯಸ್ (7.1 ಫ್ಯಾರನ್‌ಹೀಟ್) ಮೇಲೆ. ಸಮುದ್ರಮಟ್ಟದಲ್ಲಿ 104 ಡಿಗ್ರಿ. ಆದರೆ 104 ಎಂದು ಕಣ್ಣುಮುಚ್ಚಿ ನಂಬಬೇಡಿ, ಹವೆ ಇಲ್ಲೂ ಕೈಯಾಡಿಸುತ್ತದೆ. ಮೋಡ ಮುಸುಕಿ ವಾಯುಭಾರ ಕುಸಿದ ದಿನ ನೀರು 100ಕ್ಕಿಂತ ಕೆಳಗೇ ಕುದಿಯುತ್ತದೆ, ಎತ್ತರದ ಊರಿನಲ್ಲಿ ಇನ್ನೂ ಕೆಳಗೆ. ನೀರು 99ಕ್ಕೆ ಕುದಿಯುವ ದಿನ 104ರವರೆಗೆ ಕಾದರೆ ಸಿರಪ್ ಹದ ಮೀರಿರುತ್ತದೆ. ಪ್ರತಿ ಸಲ ಕುಳಿತಾಗಲೂ ಪಕ್ಕದಲ್ಲಿ ಒಂದು ಪಾತ್ರೆ ನೀರು ಕುದಿಸಿ, ಅದೇ ಥರ್ಮಾಮೀಟರನ್ನು ಅದ್ದಿ ನೋಡಿ, ಬಂದ ಅಂಕಿಗೆ 4 ಕೂಡಿಸಿಕೊಳ್ಳಿ. ಥರ್ಮಾಮೀಟರ್ ತಪ್ಪು ತೋರಿಸುತ್ತಿದ್ದರೂ ಈ ಲೆಕ್ಕದಲ್ಲಿ ಸರಿಹೋಗುತ್ತದೆ.

ಕಣ್ಣಂದಾಜಿಗೆ ಅಗಲದ ಸೌಟನ್ನು ಅದ್ದಿ ಓರೆಯಾಗಿ ಹಿಡಿಯಿರಿ. ಮೊದಮೊದಲು ಹನಿಗಳು ಒಂಟಿಯಾಗಿ ಬೀಳುತ್ತವೆ. ಹದ ಬಂದಾಗ ಎರಡು ಮೂರು ಹನಿ ಅಂಚಿನಲ್ಲೇ ಕೂಡಿ, ಸಣ್ಣ ಪರದೆಯಂತೆ ಇಳಿಬಿದ್ದು ಆಮೇಲೆ ಕಡಿದುಬೀಳುತ್ತದೆ. ಲಾಡುವಿಗೆ ನೋಡುವಂತೆ ಬೆರಳಿನ ನಡುವೆ ಎಳೆ ಬರಲಿ ಎಂದು ಕಾಯಬೇಡಿ. ಒಂದೆಳೆ ಪಾಕ ಬಂತೆಂದರೆ ಸಿರಪ್ ದಾಟಿ ಸಕ್ಕರೆಯ ಕಡೆ ಹೊರಟಿದೆ. ಬಿಸಿಯಿದ್ದಾಗ ಸರಿಹದದ ಸಿರಪ್ ನೀರುನೀರಾಗಿಯೇ ಕಾಣುತ್ತದೆ. ನಮ್ಮ ಅಡುಗೆಮನೆಯ ಕಣ್ಣು ಮೋಸಹೋಗುವುದು ಇಲ್ಲೇ.

ಹೈಡ್ರೋಮೀಟರ್ (ಸಿರಪ್ಪಿನಲ್ಲಿ ತೇಲಿಬಿಟ್ಟು ಸಾಂದ್ರತೆ ಓದುವ ಗಾಜಿನ ಕೊಳವೆ) ಇದ್ದರೆ ಇನ್ನೂ ಖಚಿತ. ಬಿಸಿ ಸಿರಪ್ಪಿಗೆ ಒಂದು ಗೆರೆ, ತಣ್ಣಗಿನದಕ್ಕೆ ಇನ್ನೊಂದು. ಎರಡನ್ನೂ ಅದಲುಬದಲು ಮಾಡಿಕೊಳ್ಳದಿದ್ದರಾಯಿತು.

ಕೊನೆಯ ಹತ್ತು ನಿಮಿಷ ಫೋನ್ ಮುಟ್ಟಬೇಡಿ. ಕೊನೆಯ ಎರಡು ಡಿಗ್ರಿ ಓಡಿಬರುತ್ತದೆ, ಉಕ್ಕಿದರೆ ಹಾಲಿಗಿಂತ ಜೋರು.

7. ಶೋಧಿಸಿ ತುಂಬುವುದು

ಕುದಿದ ಸಿರಪ್ಪಿನಲ್ಲಿ ನುಣ್ಣನೆಯ ಮರಳಿನಂಥದ್ದು ಇರುತ್ತದೆ. ಶುಗರ್ ಸ್ಯಾಂಡ್ ಎನ್ನುತ್ತಾರೆ. ಮರದಲ್ಲಿದ್ದ ಖನಿಜಗಳೇ ಸಾಂದ್ರವಾಗಿ ಹರಳಾಗಿರುವುದು. ತಿಂದರೆ ತೊಂದರೆ ಇಲ್ಲ, ನಾಲಿಗೆಗೆ ಮಾತ್ರ ಗರಗರ. ಫಿಲ್ಟರನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಸುಡುಸುಡು ಸಿರಪ್ಪನ್ನೇ ಸುರಿಯಿರಿ. ಆರಿದರೆ ಒಂದು ಹನಿಯೂ ಇಳಿಯುವುದಿಲ್ಲ. ಕಾಫಿ ಫಿಲ್ಟರ್ ಕಾಗದ ಎರಡು ನಿಮಿಷಕ್ಕೆ ಕಟ್ಟಿಕೊಳ್ಳುತ್ತದೆ. ಪಂಚೆ ಬಟ್ಟೆ ಮರಳನ್ನು ತಡೆಯುವುದಿಲ್ಲ, ಸಾಲದ್ದಕ್ಕೆ ಸೋಪಿನ ವಾಸನೆ ಬಿಟ್ಟುಕೊಡುತ್ತದೆ. ಫಿಲ್ಟರ್ ಇಲ್ಲದಿದ್ದರೆ ರಾತ್ರಿಯಿಡೀ ತಿಳಿಯಾಗಲು ಬಿಟ್ಟು, ಮೇಲಿನದನ್ನು ಮೆಲ್ಲಗೆ ಬಗ್ಗಿಸಿಕೊಂಡು ಮತ್ತೆ ಬಿಸಿ ಮಾಡಿ.

ತುಂಬುವಾಗ 82ರಿಂದ 85 ಡಿಗ್ರಿ ಇರಲಿ. ಕೆಳಗಿದ್ದರೆ ಜಾಡಿಯಲ್ಲಿ ಬೂಸ್ಟು, ಶೋಧಿಸಿದ ಮೇಲೆ ಮತ್ತೆ ಕುದಿಸಿದರೆ ಹೊಸ ಮರಳು. ಜಾಡಿಯನ್ನೂ ಬಿಸಿಯಾಗಿಟ್ಟಿರಿ, ತಣ್ಣನೆ ಗಾಜು ಸಿಡಿಯುತ್ತದೆ. ಮುಚ್ಚಿ ಒಂದೆರಡು ನಿಮಿಷ ಮಲಗಿಸಿದರೆ ಮುಚ್ಚಳದ ಒಳಭಾಗಕ್ಕೂ ಬಿಸಿ ತಗಲುತ್ತದೆ. ತೆರೆದ ಜಾಡಿಗೆ ಜಾಗ ಫ್ರಿಜ್‌ನಲ್ಲಿ. ಬೂಸ್ಟು ಕಂಡರೆ ಚೆಲ್ಲಿ.

ಮೊದಲ ವಾರದ್ದು ಹೊಂಬಣ್ಣ, ಕೊನೆಯದ್ದು ಜೋನಿ ಬೆಲ್ಲದಷ್ಟು ಕಪ್ಪು ಬಂದರೆ ನಿಮ್ಮ ತಪ್ಪೇನಿಲ್ಲ. ಹವೆ ಬೆಚ್ಚಗಾದಂತೆ ರಸದಲ್ಲಿನ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಒಡೆಯುತ್ತವೆ, ಒಡೆದ ಸಕ್ಕರೆ ಕುದಿಯುವಾಗ ಬೇಗ ಕಪ್ಪಾಗುತ್ತದೆ. ನೀರುದೋಸೆಗೆ ಕಪ್ಪು ಸಿರಪ್ಪೇ ವಾಸಿ ಎಂಬುದು ನಮ್ಮ ಪಕ್ಷಪಾತ.

8. ನಿಲ್ಲಿಸುವುದು ಯಾವಾಗ

ಮೊಗ್ಗು ನೋಡಿ. ಅವು ಉಬ್ಬಿ ಸಿಪ್ಪೆ ಬಿರಿಯತೊಡಗಿದರೆ ರಸದ ಒಳಗುಣ ಬದಲಾಗುತ್ತದೆ, ಸಿರಪ್ಪಿಗೆ ಒಂದು ಕಮಟು ರುಚಿ ಬರುತ್ತದೆ. ಎಷ್ಟು ಕುದಿಸಿದರೂ ಅದು ಹೋಗದು. ಅನುಮಾನವಿದ್ದರೆ ಒಂದು ಲೋಟ ರಸವನ್ನು ಸಣ್ಣ ಪಾತ್ರೆಯಲ್ಲಿ ಇಂಗಿಸಿ ಮೂಸಿ ನೋಡಿ, 40 ಲೀಟರ್ ಕುದಿಸಿದ ಮೇಲೆ ಗೊತ್ತಾಗುವುದಕ್ಕಿಂತ ಅದು ಲೇಸು. ರೆಡ್ ಮತ್ತು ಸಿಲ್ವರ್ ಮೇಪಲ್ ಶುಗರ್ ಮೇಪಲ್‌ಗಿಂತ ಬೇಗ ಮೊಗ್ಗೊಡೆಯುತ್ತವೆ, ಅವನ್ನು ಮೊದಲು ನಿಲ್ಲಿಸಿ.

ಸ್ಪೈಲನ್ನು ಸುತ್ತಿಗೆಯ ಹಿಂಬದಿಯಿಂದ ನೇರ ಹೊರಕ್ಕೆ ಎಳೆಯಿರಿ. ತೂತಿಗೆ ಮೇಣ, ಬೆಣೆ, ಬಣ್ಣ ಏನೂ ಬೇಡ. ಗಟ್ಟಿಮುಟ್ಟಾದ ಮರ ಒಂದರಿಂದ ಮೂರು ವರ್ಷದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಸಾಮಾನನ್ನು ಅವತ್ತೇ ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ, ಸೋಪು ಬೇಡ. ಕೊಳೆ ಹಿಡಿದಿದ್ದರೆ 20 ಪಾಲು ನೀರಿಗೆ ಒಂದು ಪಾಲು ಸುವಾಸನೆ ಬೆರೆಸದ ಬ್ಲೀಚ್ ಹಾಕಿ ಉಜ್ಜಿ, ಮೂರು ಸಲ ಬಿಸಿನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಕವುಚಿಹಾಕಿ.